ಬೀಬಿ ಮನಿ

ಅರಕೇರಾದ ಆಚೆ, ಹೊಸದಾಗಿ ಮಾಡುತ್ತಿದ್ದ ರಸ್ತೆಯ ಪಕ್ಕದ ದಿನ್ನೆಯ ಮೇಲೆ ಒಂದು ಒಡಕು ಗುಮ್ಮಟವಿತ್ತು. ಅದರೊಳಗೆ ಯಾರನ್ನು ಹೂಳಿದ್ದಾರೆ ಎಂಬುದು ದೇವದುರ್ಗದಲ್ಲೂ ಯಾರಿಗೂ ಗೊತ್ತಿರಲಿಲ್ಲ. ಮೇಲೆ ಕಾಣುವುದು ತೋರಿಕೆಯ ಗೋರಿ. ನಿಜವಾದದ್ದು ಕೆಳಗೆ, ನೆಲಮಾಳಿಗೆಯಲ್ಲಿ. ಅದರ ಒಂದು ಒಳ್ಳೆಯ ಚಿತ್ರ ತೆಗೆದುಕೊಂಡು ಬಂದರೆ ನನ್ನ ಹಂಗಾಮಿ ನೌಕರಿ ಕಾಯಂ ಮಾಡುವುದಾಗಿ ರಾಯಚೂರಿನ ನಮ್ಮ ಪುರಾತತ್ವ ಕಚೇರಿಯ ಶಂಶುದ್ದೀನ್ ಸಾಹೇಬರು ಹೇಳಿದ್ದರು.

ಯುದ್ಧದ ಕಾಲ. ಕ್ಯಾಮೆರಾಕ್ಕೆ ಹಾಕುವ ಗಾಜಿನ ಪ್ಲೇಟು ಎಲ್ಲೂ ಸಿಗುತ್ತಿರಲಿಲ್ಲ. ಕಪಾಟಿನಲ್ಲಿ ಉಳಿದಿದ್ದ ಒಂದೇ ಒಂದನ್ನು ನನ್ನ ಕೈಗಿಟ್ಟು, “ಹೊಸಾ ಸೊಸಿನ್ನ ಕರ್ಕೊಂಡು ಹೋದಂಗ ಹೋಗು ಮಿಯಾ,” ಎಂದರು. “ಇನ್ನೊಂದು ಮಾತು. ಒಳಗ ಯಾರರ ಸೇರ್ಕೊಂಡಿದ್ರ ಹೇಳು. ಖಾಲಿ ಮಾಡಸ್ಬೇಕು ಅಂತ ಹೈದರಾಬಾದಿಂದ ಹುಕುಂ ಬಂದದ.”

ನನಗೆ ಈ ಕೆಲಸ ಮನಸ್ಸಿಗೆ ಹಿಡಿಸಿತ್ತು. ಬಿ.ಎ. ಮುಗಿಸಿ ಊರಿಗೆ ಬಂದಾಗಿನಿಂದ ಮನೆಯಲ್ಲಿ ಮಾತು ವಿಪರೀತ. ನೌಕರಿಯ ಮಾತು, ಕನ್ಯೆಯ ಮಾತು. ಗೋರಿಗಳು ಏನನ್ನೂ ಕೇಳುವುದಿಲ್ಲ. “ಮಠದಾಗ ಅರ್ಧ ತಾಸು ಕೂಡಂದ್ರ ಕಾಲು ನೋಯ್ತಾವ ಇವಗ,” ಎಂದು ನಮ್ಮವ್ವ ವಿಜಯಾಬಾಯಿ ನೆರೆಯವರ ಮುಂದೆ ಹೇಳುತ್ತಿದ್ದಳು, “ಸತ್ತವರ ಮನಿಗಾದ್ರ ಓಡ್ತಾನ.”

ಇದ್ದಿಲಿನ ಬಸ್ಸು ಮಾನ್ವಿಯವರೆಗೆ ಕೆಮ್ಮುತ್ತ ಬಂದು ಅಲ್ಲಿ ನಿಂತೇಬಿಟ್ಟಿತು. ಮುಂದೆ ಸಿಕ್ಕಿದ ಗಾಡಿ ಹತ್ತಿ ಮರುದಿನ ದಿನ್ನೆ ತಲುಪಿದಾಗ ಮಟಮಟ ಮಧ್ಯಾಹ್ನ. ನನಗೆ ಬೇಕಾದದ್ದೂ ಅದೇ ಹೊತ್ತು. ಗುಮ್ಮಟದ ನೆತ್ತಿ ಬಿದ್ದುಹೋಗಿತ್ತು, ಕೆಳಗಿನ ನೆಲದ ಒಂದು ಚಪ್ಪಡಿಯೂ ಕುಸಿದಿತ್ತು. ಸೂರ್ಯ ನೆತ್ತಿಯ ಮೇಲಿದ್ದಾಗ ಮಾತ್ರ ಬಿಸಿಲು ನೇರವಾಗಿ ನೆಲಮಾಳಿಗೆಗೆ ಇಳಿಯುತ್ತಿತ್ತು. ಉಳಿದ ಹೊತ್ತು ಅಲ್ಲಿ ಕತ್ತಲು.

ಕ್ಯಾಮೆರಾ ಹೊತ್ತು ಮೆಟ್ಟಿಲಿಳಿದೆ. ಒಳಗಿನಿಂದ ಜೋರು ನಗು ಕೇಳಿಸಿತು.

“ಚಪ್ಲಿ ಮ್ಯಾಲ ಬಿಟ್ಟು ಬರ್ರಿ! ಬೀಬಿ ಮನಿ ಇದು!”

ಬಿಟ್ಟು ಬಂದೆ. ಹೊಸ ಗಡಿಗೆಯ ಒಳಗೆ ಕೈ ಹಾಕಿದಂತೆ ತಂಪು. ನಡುವೆ ತಗ್ಗಾದ ನುಣುಪು ಗೋರಿ. ಅದರ ಸುತ್ತ ರಸ್ತೆಗೆ ಜಲ್ಲಿ ಒಡೆಯುವ ಹೆಂಗಸರು ಏಳೆಂಟು ಮಂದಿ. ಒಬ್ಬಳು ರೊಟ್ಟಿಗೆ ಖಾರ ಹಚ್ಚುತ್ತಿದ್ದಳು, ಇನ್ನೊಬ್ಬಳು ಗೋರಿಗೆ ಬೆನ್ನು ಕೊಟ್ಟು ಗೊರಕೆ ಹೊಡೆಯುತ್ತಿದ್ದಳು. ಹಿಂದೊಮ್ಮೆ ದೀಪ ತೂಗುಹಾಕಿದ್ದ ಕೊಂಡಿಗೆ ಸೀರೆಯ ಜೋಳಿಗೆ ಕಟ್ಟಿದ್ದರು. ಅದರಲ್ಲಿ ಕೂಸು.

ಅವರಲ್ಲಿ ಹಿರಿಯಳಾದ ದುರುಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೋರಿಯ ಕಡೆ ತಿರುಗಿದಳು. “ಯವ್ವಾ ಬೀಬಿ, ಯಾರೋ ಡಬ್ಬಿ ಹೊತ್ಕೊಂಡು ಬಂದಾರ ನೋಡು. ತೆಳ್ಳಗ ಅದಾರ, ಉಂಡಿಲ್ಲ ಕಾಣ್ತದ.”

ನಾನು ಬಂದ ಕೆಲಸ ಹೇಳಿದೆ. ಹತ್ತು ನಿಮಿಷ ಎಲ್ಲರೂ ಹೊರಗೆ ಹೋಗಬೇಕೆಂದೆ.

“ನಾವು ಹೋದೇವ್ರಿ. ಈಕಿನ್ನ ಎಲ್ಲಿ ನಿಂದ್ರಸ್ಲಿ?” ಎಂದು ಮೂಲೆಯಲ್ಲಿದ್ದ ಸೊಸೆ ಮೂಕಮ್ಮನನ್ನು ತೋರಿಸಿದಳು. “ಹಸಿ ಬಾಣಂತಿ. ಹೊರಗ ಒಂದು ಗಿಡದ ನೆಳ್ಳರ ಅದ ಏನು? ಸಂಜಿಕ ಬರ್ರಿ, ನಾವ್ಯಾರೂ ಇರಂಗಿಲ್ಲ.”

“ಸಂಜಿಕ ಬೆಳಕು ಇರೂದಿಲ್ಲವ್ವಾ.”

“ಹಂಗಾರ ನಾವೂ ಇರ್ತೀವಿ, ತಗೀರಿ. ನನ್ನ ಮಾರಿಗೇನಾಗ್ಯಾದ?”

ಆಗ ಹುಕುಮಿನ ವಿಷಯ ಹೇಳಬೇಕಾಯಿತು. ಚಿತ್ರದಲ್ಲಿ ಮನುಷ್ಯರು ಕಂಡರೆ ಇಲ್ಲಿಂದ ಎಬ್ಬಿಸುತ್ತಾರೆ ಎಂದೆ. ಎಲ್ಲರೂ ಒಮ್ಮೆಲೇ ಸುಮ್ಮನಾದರು. ರೊಟ್ಟಿ ಹಿಡಿದ ಕೈ ಹಾಗೆಯೇ ನಿಂತಿತು. ಇಂಥ ಮೌನ ಹುಡುಕಿಕೊಂಡೇ ನಾನು ಊರೂರು ಅಲೆದವನು. ಆದರೆ ಇದು ನನಗೆ ಬೇಡವಾಗಿತ್ತು.

ಅದನ್ನು ಮುರಿಯುವುದಕ್ಕೇ ಏನೋ, ಉಪಾಯ ಹೊಳೆಯಿತು. ಒಂದೇ ಕಿಂಡಿಯ ಬೆಳಕಿನ ಇಂಥ ಮಬ್ಬಿನಲ್ಲಿ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು. ಒಂದೇ ಕಡೆ ನಿಂತದ್ದು ಮಾತ್ರ ಅದಕ್ಕೆ ಕಾಣುತ್ತದೆ. ಓಡಾಡುವವರು ಕಾಣುವುದಿಲ್ಲ.

“ಯಾರೂ ನಿಲ್ಲಬ್ಯಾಡ್ರಿ,” ಎಂದೆ. “ನಾ ಹೇಳೂತನಕ ಗೋರಿ ಸುತ್ತ ತಿರಗ್ತಾ ಇರ್ರಿ.”

ದುರುಗಮ್ಮ ಗಲ್ಲಕ್ಕೆ ಕೈ ಹಚ್ಚಿದಳು. “ಫೋಟೋದವ್ರು ಅಲುಗಾಡಬ್ಯಾಡ ಅಂತಾರಂತ ಕೇಳೀನಿ, ಇವರು ಕುಣಿ ಅಂತಾರಲ್ಲೇ! ಇದನ್ನೇನು ಕಾಲೇಜಿನಾಗ ಕಲಿಸ್ತಾರ?”

ಬುತ್ತಿಗಂಟು, ಸುತ್ತಿಗೆ, ಜೋಳಿಗೆ ಎಲ್ಲ ಕ್ಯಾಮೆರಾದ ಹಿಂದೆ ಬಂದವು. ಗೊರಕೆಯವಳನ್ನು ಎಬ್ಬಿಸಿದರು. ಮೂಕಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೊನೆಗೆ ನಿಂತಳು. ನಾನು ಮುಚ್ಚಳ ತೆಗೆದೆ.

ತಿರುಗಿದರು. ಮೊದಲು ನಾಚಿಕೊಂಡು, ಆಮೇಲೆ ಸೊಂಟ ತಿರುವುತ್ತ. ಒಬ್ಬಳು ರಸ್ತೆಯ ಮೇಸ್ತ್ರಿ ಪಂಚೆ ಎತ್ತಿಕೊಂಡು ನಡೆಯುವುದನ್ನು ಮಾಡಿ ತೋರಿಸಿದಳು. “ಲೇ, ಮೆತ್ತಗ ನಡಿ, ಬೀಬಿ ಕಾಲು ತುಳದೀ!” ಎಂದು ದುರುಗಮ್ಮ ಕೂಗಿದಳು. ನಾನು ನಕ್ಕು ನಕ್ಕು ಕ್ಯಾಮೆರಾ ಅಲುಗಿಬಿಟ್ಟೀತೆಂದು ದೂರ ಸರಿದು ನಿಂತೆ.

ರಾಯಚೂರಿಗೆ ಮರಳಿದಾಗ ಅವ್ವ ಬಾಗಿಲಲ್ಲೇ ತಡೆದು, ತಲೆಯ ಮೇಲೆ ನೀರು ಸುರಿದ ಮೇಲೆಯೇ ಒಳಗೆ ಬಿಟ್ಟಳು. ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿ ಪ್ಲೇಟು ತೊಳೆದೆ. ಕಾಗದದ ಮೇಲೆ ಚಿತ್ರ ಮೂಡಿತು. ಮೇಲಿಂದ ಇಳಿದ ಬೆಳಕು, ನುಣುಪು ಗೋರಿ, ಸಾರಿಸಿದ ನೆಲ. ಒಂದು ಜೀವವೂ ಇಲ್ಲ. ಗೋರಿಯ ಸುತ್ತ ಅನ್ನದ ಆವಿಯಂಥ ತೆಳು ಮಂಜು ಮಾತ್ರ.

ನಾನು ಇಷ್ಟು ದಿನ ತೆಗೆಯಬೇಕೆಂದುಕೊಂಡಿದ್ದ ಚಿತ್ರ ಅದೇ. ಆದರೂ ಅದನ್ನು ಬಹಳ ಹೊತ್ತು ನೋಡಲಾಗಲಿಲ್ಲ. ಈಗಷ್ಟೇ ಎಲ್ಲರನ್ನೂ ಎಬ್ಬಿಸಿ ಕಳಿಸಿದ ಮನೆಯಂತಿತ್ತು.

ಶಂಶುದ್ದೀನ್ ಸಾಹೇಬರಿಗೆ ಮಾತ್ರ ಬಹಳ ಹಿಡಿಸಿತು. “ಶಾಬಾಶ್! ಪೂರಾ ಖಾಲಿ!” ಎಂದರು. “ಚಲೋ ಆತು. ಯಾರರ ಬಂದು ಸೇರೂದ್ರಾಗ ಬೀಗ ಜಡದು ಬಿಡೋಣ.” ನನ್ನ ಕಾಯಮಾತಿಯ ಕಾಗದವನ್ನು ಎಳೆದುಕೊಂಡು ಪೆನ್ನು ತೆಗೆದರು.

ಇದನ್ನು ನಾನು ಎಣಿಸಿರಲಿಲ್ಲ. ಜನರಿದ್ದರೆ ಎಬ್ಬಿಸುತ್ತಾರೆ ಎಂದು ಗೊತ್ತಿತ್ತು; ಖಾಲಿ ಇದ್ದರೂ ಮುಚ್ಚುತ್ತಾರೆಂದು ಹೊಳೆದಿರಲಿಲ್ಲ. ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು.

“ಖಾಲಿ ಇಲ್ರಿ ಸಾಹೇಬ್ರ,” ಎಂದೆ.

“ಮತ್ತ ಇದೇನು?”

“ಈ ಮಂಜು ಅದ ಅಲ್ಲರಿ, ಇದು ದುರುಗಮ್ಮ. ಇದು ಆಕಿ ಸೊಸಿ. ಈ ಸಣ್ಣದು ಕೂಸು ಇರಬೇಕು.” ನಡೆದದ್ದೆಲ್ಲ ಹೇಳಿದೆ.

ಅವರ ಮುಖ ಕೆಂಪಾಯಿತು. “ಇದ್ದದ್ದು ತಗದು ತಾ ಅಂತ ಕಳಿಸಿದ್ರ ಇಲ್ಲದ್ದು ತಗೊಂಡು ಬಂದೀಯಲ್ಲೋ! ಅದೂ ಸರ್ಕಾರದ ಪ್ಲೇಟಿನ ಮ್ಯಾಲ!” ಪೆನ್ನು ಜೇಬಿಗೆ ಹೋಯಿತು. ಕಾಗದ ಖಾನೆಗೆ ಹೋಯಿತು. ಆಮೇಲೆ ಭೂತಗನ್ನಡಿ ಹಿಡಿದು ಚಿತ್ರದ ಮೇಲೆ ಬಗ್ಗಿದರು.

“ನಾ ನೋಡಿದ ಗುಂಬಜಿನಾಗೆಲ್ಲಾ ಬಾವಲಿ ಹೇಲು. ಇಲ್ಲಿ ನೆಲಾ ಸಾರಿಸ್ಯಾರಲ್ಲ, ಯಾರು?”

“ಅವರೇ ರೀ.”

ಭೂತಗನ್ನಡಿ ಕೆಳಗಿಟ್ಟರು. “ಬೀಗ ತಪ್ಪಂಗಿಲ್ಲ, ಮ್ಯಾಲಿನ ಹುಕುಂ. ಆದ್ರ ಕೀಲಿ ರಾಯಚೂರಿನಾಗ ಇಟ್ಕೊಂಡು ಏನು ಮಾಡ್ಲಿ? ಊರಾಗ ಯಾರರ ನಂಬಿಗಸ್ತರ ಹತ್ರ ಇರ್ಬೇಕು. ಹೆಸರು ಹೇಳು.”

“ದುರುಗಮ್ಮ ರೀ.”

“ಕೂಲಿ ಮಾಡು ಹೆಂಗಸು!”

“ದಿನಾ ಅಲ್ಲಿ ಇರೂ ಮನುಷ್ಯಾಳು ಆಕಿ ಒಬ್ಬಾಕೀನ ರೀ.”

ಪೆನ್ನು ಮತ್ತೆ ಹೊರಗೆ ತೆಗೆದು ಹೆಸರು ಬರೆದುಕೊಂಡರು. ನನ್ನ ಕಾಯಮಾತಿಯ ಮಾತನ್ನು ಮಾತ್ರ ಎತ್ತಲಿಲ್ಲ. ಇಂದಿಗೂ ಎತ್ತಿಲ್ಲ.

ಕಬ್ಬಿಣದ ಬಾಗಿಲು ಕೂಡಿಸಿದ ದಿನ ನಾನೂ ಹೋಗಿದ್ದೆ. ದುರುಗಮ್ಮನಿಗೆ ಕೀಲಿ ಕೊಟ್ಟೆ. ಥ್ಯಾಂಕ್ಸೂ ಇಲ್ಲ, ಶರಣೂ ಇಲ್ಲ. “ಇನ್ನ ಜ್ವರಾ ಬಂದ್ರೂ ಮನ್ಯಾಗ ಬೀಳಂಗಿಲ್ಲ ನಾನು, ಇವರಿಗೆ ಬಾಗ್ಲಾ ತಗಿಯಾಕ ಬರ್ಬೇಕು!” ಎಂದು ನನ್ನನ್ನೇ ಬೈದಳು. ಬೈಯುತ್ತಲೇ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬಳನ್ನೂ ಒಳಗೆ ಬಿಡತೊಡಗಿದಳು. ಒಬ್ಬಳ ಕಾಲು ಮಣ್ಣಾಗಿತ್ತು, ತೊಳೆದು ಬಾ ಎಂದಳು. ಇನ್ನೊಬ್ಬಳ ಬಾಯಲ್ಲಿ ಎಲೆಯಡಿಕೆ ಇತ್ತು, ಉಗುಳಿ ಬಾ ಎಂದಳು.

ಮೂಕಮ್ಮ ಕೂಸನ್ನು ಎತ್ತಿಕೊಂಡು ನನ್ನ ಪಕ್ಕ ನಿಂತಿದ್ದಳು. “ನೋಡ್ರಿ, ಏನು ಮಾಡಿಬಿಟ್ರಿ,” ಎಂದಳು. “ಇಷ್ಟು ದಿನಾ ನನಗೊಬ್ಬಾಕಿಗೆ ಅತ್ತಿ ಇದ್ಲು. ಈಗ ಬೀಬಿಗೂ ಅತ್ತಿ ಆದ್ಲು.”

ಒಳಗಿನಿಂದ ನಗು ಮೆಟ್ಟಿಲು ಹತ್ತಿ ಬಂತು. ದುರುಗಮ್ಮ ನಗಲಿಲ್ಲ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಸೆಯನ್ನು ಮುಂದೆ ಬಿಟ್ಟುಕೊಂಡು ಕೆಳಗಿಳಿದಳು.