ಎಲ್ಲಾ ಕೆಂಪು ವೈರು

ಟೈಲರಮ್ಮನ ಗಂಡನಿಗೆ ಬೀದಿಯವರು ಇಟ್ಟ ಹೆಸರು ನಾಳೆಬನ್ನಿ. ಮೂವತ್ತೈದು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವರು. ಗಿರಾಕಿ ಬಾಗಿಲಲ್ಲಿ ನಿಂತರೆ ತಲೆ ಎತ್ತದೆ "ನಾಳೆ ಬನ್ನಿ" ಎನ್ನುತ್ತಿದ್ದರು. ಪರರ ಸೆಟ್ಟುಗಳು ಕಪಾಟಿನಲ್ಲಿ ತಿಂಗಳುಗಟ್ಟಲೆ ಧೂಳು ತಿನ್ನುತ್ತಿದ್ದವು. ಮನೆಯ ಸ್ಟೀರಿಯೋ ಮಾತ್ರ ಒಂದು ಸಲ ಕೆಮ್ಮಿದರೂ ಸಾಕು, ಉಣ್ಣುವ ಕೈ ತೊಳೆದು ಅದರ ಮುಚ್ಚಳ ಬಿಚ್ಚಿ ಕೂರುತ್ತಿದ್ದರು. ಮದುವೆಯಾದ ವರ್ಷ ತಂದ ಹಳೇ ಸೆಟ್ಟು ಅದು. ಮರದ ಪೆಟ್ಟಿಗೆ, ಮೇಲೆ ರೆಕಾರ್ಡು ತಿರುಗುವ ತಟ್ಟೆ, ಅಕ್ಕಪಕ್ಕ ಸೊಂಟದೆತ್ತರದ ಎರಡು ಸ್ಪೀಕರು. ಹೊರಗಿನ ಮರವೊಂದು ಬಿಟ್ಟರೆ ಒಳಗಿನದೆಲ್ಲ ಅವರ ಕೈಯದೇ.

ಹೋದ ವರ್ಷ ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿತ್ತು, ಮಾತೂ ಹೋಯಿತು. ಈಗ ಏನು ಕೇಳಿದರೂ ಹೌದೆಂದು ತಲೆಯಾಡಿಸುತ್ತಾರೆ. ಹಸಿವಾಯಿತೇ ಎಂದರೂ ಹೌದು, ಹೊಟ್ಟೆ ತುಂಬಿತೇ ಎಂದರೂ ಹೌದು. ಮಾತು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಎರಡೂ ಕಡೆ ಕಾಲಿಟ್ಟು ಹೇಳಿ ಕಳಿಸಿದ್ದರು.

ಆದರೆ ಮಧ್ಯಾಹ್ನ ರೆಕಾರ್ಡು ಹಾಕಿದರೆ ಎಡಗೈ ಬೆರಳುಗಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿದ್ದವು. ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಆ ಬೆರಳುಗಳನ್ನು ನೋಡಿದರೆ, ಮನುಷ್ಯ ಒಳಗೇ ಇದ್ದಾರೆ ಎಂದು ಟೈಲರಮ್ಮನಿಗೆ ಧೈರ್ಯ ಬರುತ್ತಿತ್ತು; ಹೊಲಿಗೆ ಮಿಷನ್ನನ್ನು ಮೆಲ್ಲಗೆ ತುಳಿಯುತ್ತ ಕೇಳುತ್ತಿದ್ದಳು.

ಮೂರು ವಾರದ ಹಿಂದೆ ಸೆಟ್ಟು ಗೊಂಯ್ ಎಂದು ಸುಮ್ಮನಾಯಿತು. ಬೆರಳುಗಳೂ ಸುಮ್ಮನಾದವು. ಮಗಳು ಲೋಟದಷ್ಟು ಪುಟ್ಟದೊಂದು ಹೊಸ ಸ್ಪೀಕರು ತಂದು ಅದೇ ಹಾಡು ಹಾಕಿದಳು. ಯಜಮಾನರು ಮುಖ ಗೋಡೆಗೆ ತಿರುಗಿಸಿದರು.

ಕೊನೆಗೆ ಟೈಲರಮ್ಮ ಎದುರಂಗಡಿಯವನನ್ನು ಕರೆದಳು. ಅವನೂ ರಿಪೇರಿಯವನೇ, ಮೂವತ್ತು ವರ್ಷ ರಸ್ತೆಯ ಆ ಕಡೆಯಿಂದ ಇವರ ಕಾಲೆಳೆಯುತ್ತಲೇ ಬದುಕಿದವನು.

"ಏನಣ್ಣಾ, ಕಡೆಗೂ ನಿಮ್ಮ ಪಟ್ಟದ ರಾಣಿ ನನ್ನ ಕೈಗೇ ಬಂದ್ಲಲ್ಲ," ಎನ್ನುತ್ತಲೇ ಒಳಗೆ ಬಂದು ಮುಚ್ಚಳ ಬಿಚ್ಚಿದ. ತಲೆ ತೂರಿಸಿ ಒಳಗೆ ನೋಡಿದ. "ಅಕ್ಕಾ, ಸ್ವಲ್ಪ ಇಲ್ಲಿ ಬನ್ನಿ," ಎಂದ.

ಒಳಗೆ ಹಕ್ಕಿಗೂಡಿನಂತೆ ವೈರುಗಳು. ಎಲ್ಲವೂ ಕೆಂಪು.

"ಎಡಕ್ಕೆ ಹೋಗೋದೂ ಕೆಂಪು, ಬಲಕ್ಕೆ ಹೋಗೋದೂ ಕೆಂಪು, ಕರೆಂಟಿಂದೂ ಕೆಂಪು. ಇದೇನಕ್ಕಾ?"

"ಒಂದು ದೊಡ್ಡ ಸುರುಳಿ ಅಗ್ಗಕ್ಕೆ ಸಿಕ್ಕಿತ್ತು. ಯಾವ್ದು ಎಲ್ಲಿಗೆ ಅನ್ನೋದು ನನ್ನ ತಲೇಲಿದೆ ಅಂತಿದ್ರು."

"ತಲೇಲಿದ್ದದ್ದು ತಲೇಲೇ ಉಳೀತು." ಅವನು ಬೆರಳಿಟ್ಟು ತೋರಿಸಿದ. "ಆರು ತುದಿ ಬೆಸುಗೆ ಬಿಟ್ಟಿವೆ. ಒಂದು ತಪ್ಪಿದ್ರೂ ಉಳಿದದ್ದೆಲ್ಲ ಸುಟ್ಟುಹೋಗುತ್ತೆ."

ಒಂದು ತುದಿಯನ್ನು ಎಳೆದು ಯಜಮಾನರ ಕಣ್ಣ ಮುಂದೆ ಹಿಡಿದ. "ಅಣ್ಣಾ, ಇದು ಎಡಗಡೆ ಸ್ಪೀಕರಿಂದಾ?"

ಯಜಮಾನರು ತಲೆಯಾಡಿಸಿದರು.

"ಇಲ್ಲಾ, ಬಲಗಡೇದಾ?"

ಅದಕ್ಕೂ ತಲೆಯಾಡಿಸಿದರು. ಅವರ ಕಣ್ಣು ಮಾತ್ರ ಆ ವೈರನ್ನು ಬಿಟ್ಟು ಕದಲಲಿಲ್ಲ.

ಟೈಲರಮ್ಮನ ಕಣ್ಣು ಹೊಲಿಗೆ ಮಿಷನ್ನಿನ ಕಡೆ ಹೋಯಿತು. ಯಜಮಾನರು ಹಾಸಿಗೆ ಹಿಡಿಯುವುದಕ್ಕೆ ಒಂದು ವಾರ ಮುಂಚೆ ಮಿಷನ್ನಿನ ಪಕ್ಕ ಬಂದು ನಿಂತಿದ್ದರು. "ಬಣ್ಣಬಣ್ಣದ ದಾರ ಒಂದಿಷ್ಟು ಕೊಡೇ. ವೈರಿಗೆ ಒಂದೊಂದು ಗಂಟು ಕಟ್ಟಿಡ್ತೀನಿ. ಈಚೆಗೆ ಮರೀತಾ ಇದೀನಿ," ಎಂದಿದ್ದರು. ಶಾಲೆಯ ಸಮವಸ್ತ್ರ ರಾಶಿ ಬಿದ್ದಿತ್ತು. ಆಕೆ ಸೂಜಿಯಿಂದ ಕಣ್ಣು ತೆಗೆಯದೆ, "ನಾಳೆ ಕೊಡ್ತೀನಿ ಹೋಗ್ರೀ," ಎಂದಿದ್ದಳು. "ನನ್ನ ಮಾತು ನಂಗೇ ತಿರುಗಿಸ್ತೀಯಾ," ಎಂದು ನಕ್ಕು ಹೋಗಿದ್ದರು. ಆಮೇಲೆ ಇಬ್ಬರಿಗೂ ಅದು ಮರೆತೇಹೋಯಿತು.

"ಇನ್ನೊಂದು ದಾರಿ ಇದೆ," ಎದುರಂಗಡಿಯವನು ದನಿ ತಗ್ಗಿಸಿದ. "ಇದಿಷ್ಟೂ ಕತ್ತರಿಸಿ ತೆಗೆದು, ನಾನೇ ಹೊಸದಾಗಿ ವೈರು ಎಳೀತೀನಿ. ಹಾಡುತ್ತೆ. ಆದ್ರೆ ಇವರ ಸೆಟ್ಟಿನ ಥರ ಹಾಡಲ್ಲ ಅಕ್ಕಾ. ಮೂವತ್ತು ವರ್ಷ ರಸ್ತೆ ಆ ಕಡೆ ಕೂತು ಕೇಳಿದೀನಿ. ಅದು ಹೇಗೆ ಬರಿಸಿದ್ರೋ, ಇವತ್ತಿಗೂ ನಂಗೆ ಗೊತ್ತಿಲ್ಲ."

ಪುಟ್ಟ ಸ್ಪೀಕರಿನಿಂದ ಮುಖ ತಿರುಗಿಸಿದವರು ಅದಕ್ಕೆ ತಾಳ ಹಾಕುತ್ತಾರೆಯೇ? ಹಾಕದೇ ಹೋದರೆ? ಕತ್ತರಿಸಿದ ಮೇಲೆ ಮತ್ತೆ ಕೂಡಿಸುವಂತಿಲ್ಲ. ಬಟ್ಟೆಗೆ ಕತ್ತರಿ ಹಾಕುವಾಗ ಯಾವತ್ತೂ ಅಳುಕದವಳು ಗಂಡನ ಮುಂದೆ ನೆಲದ ಮೇಲೆ ಕೂತಳು.

"ರೀ, ಕತ್ತರಿಸ್ಲಾ?"

ತಲೆಯಾಡಿಸಿದರು.

"ಬೇಡ್ವಾ? ಹಾಗೇ ಇರ್ಲಾ?"

ತಲೆಯಾಡಿಸಿದರು.

ಆಕೆ ಎದ್ದು ಹೋಗಿ ದಾರದ ಡಬ್ಬಿ ತಂದು ಅವರ ಮಡಿಲಲ್ಲಿಟ್ಟಳು. ನೀಲಿ, ಹಸಿರು, ಹಳದಿ ಉಂಡೆಗಳು. ಎಡಗೈ ಡಬ್ಬಿಯೊಳಗೆ ನಿಧಾನವಾಗಿ ತಡಕಾಡಿತು. ಎದುರಂಗಡಿಯವನು ಉಸಿರು ಹಿಡಿದು ಒಂದು ತುದಿ ಮುಂದೆ ಮಾಡಿದ. ಯಜಮಾನರು ಹಳದಿ ಉಂಡೆ ಎತ್ತಿಕೊಂಡು ಅಂಗೈಯಲ್ಲಿ ಹೊರಳಿಸಿದರು. ವೈರು ನೋಡಿದರು, ಹೆಂಡತಿಯನ್ನು ನೋಡಿದರು. ಏನು ಮಾಡಬೇಕೆಂದು ಅವಳನ್ನೇ ಕೇಳುವಂತಿತ್ತು ಆ ನೋಟ. ಉಂಡೆ ಜಾರಿ, ಬಿಚ್ಚಿಕೊಳ್ಳುತ್ತ ಮಂಚದ ಕೆಳಗೆ ಉರುಳಿತು.

ಬೆಸುಗೆ ಕಡ್ಡಿ ಕಾದು ಹೊಗೆಯಾಡುತ್ತಿತ್ತು. "ಅಕ್ಕಾ, ಏನ್ ಮಾಡೋಣ?" ಎಂದ ಎದುರಂಗಡಿಯವನು.

"ನಾಳೆ ಬನ್ನಿ," ಎಂದಳು ಟೈಲರಮ್ಮ.

ಮೂವತ್ತು ವರ್ಷ ಅದೇ ಮಾತಿಟ್ಟುಕೊಂಡು ರೇಗಿಸಿದವನು ಕಡ್ಡಿಯ ಪ್ಲಗ್ಗು ಕಿತ್ತು, ಮುಚ್ಚಳವನ್ನು ಸ್ಕ್ರೂ ಹಾಕದೆ ಹಾಗೇ ಮೇಲಿಟ್ಟ.

"ಸರಿ. ನಾಳೆ ಬರ್ಲಾ ಅಣ್ಣಾ?"

ಯಜಮಾನರು ತಲೆಯಾಡಿಸಿದರು.