ಒಂಬತ್ತನೇ ಟೈಲು

ಟೈಲ್ಸ್ ಅಂಗಡಿಯಲ್ಲಿ ಮಾದರಿ ಜೋಡಿಸಿಡುವ ಕೆಲಸ ಅವಳದು. ಮಗಳು ಗುಬ್ಬಿಗೆ ಹತ್ತು ವರ್ಷ. ಹೇಳಿದ್ದು ತಲೆಗೆ ಹತ್ತುವುದು ನಿಧಾನ. ಶಾಲೆಯಲ್ಲಿ ಅಂಥ ಮಕ್ಕಳಿಗೆಂದೇ ಒಂದು ಚಿಕ್ಕ ತರಗತಿ ಇತ್ತು. ಅಲ್ಲಿನ ಟೀಚರ್ ಪಕ್ಕದಲ್ಲೇ ಕೂತು, ಒಂದೇ ಮಾತನ್ನು ಎಷ್ಟು ಸಲ ಬೇಕಾದರೂ ಹೇಳುತ್ತಿದ್ದರು. ಗುಬ್ಬಿ ಅಲ್ಲಿ ನಗುನಗುತ್ತಾ ಇದ್ದಳು.

ವರ್ಷಕ್ಕೊಮ್ಮೆ ಬುದ್ಧಿಯ ಪರೀಕ್ಷೆ. ಎಂಟು ಚಿತ್ರ, ಒಂದು ಖಾಲಿ ಚೌಕ. ಅಲ್ಲಿಗೆ ಯಾವುದು ಕೂಡುತ್ತದೆಂದು ತೋರಿಸಬೇಕು. ಹೋದ ವರ್ಷ ಗುಬ್ಬಿ ಕಣ್ಣು ಕಣ್ಣು ಬಿಡುತ್ತಾ ಕೂತಿದ್ದಳು. ತಾಯಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು. ಹೆತ್ತ ಕರುಳು, ಹಠವೂ ಜಾಸ್ತಿ. ಅಂಗಡಿಯಿಂದ ಮೂಲೆ ಒಡೆದ ಟೈಲ್ಸ್ ತಂದು, ಅಡುಗೆಮನೆಯ ನೆಲದಲ್ಲಿ ಎಂಟು ಜೋಡಿಸಿ, ಒಂಬತ್ತನೆಯದರ ಜಾಗ ಬಿಟ್ಟಳು. ಗೆರೆ ತಿರುಗುತ್ತೆ, ಚುಕ್ಕಿ ಹೆಚ್ಚುತ್ತೆ, ಬಣ್ಣ ಬದಲಾಗುತ್ತೆ ಎಂದು ಮಗಳ ಬೆರಳು ಹಿಡಿದು ತೋರಿಸಿದಳು. ವರ್ಷವಿಡೀ ಅದೇ ಆಟ. ಪಾಪ, ಹೀಗೆ ತಿದ್ದಿದರೆ ಮಗಳ ಬುದ್ಧಿಯೇ ತೆರೆಯುತ್ತದೆ ಅಂದುಕೊಂಡಿದ್ದಳು.

ಈ ಸಲ ಗುಬ್ಬಿ ಒಂದೂ ತಪ್ಪು ಮಾಡಲಿಲ್ಲ. ಪರೀಕ್ಷೆ ಮಾಡುವ ಡಾಕ್ಟರಮ್ಮ ಅವಳ ಕೈಕುಲುಕಿ, ಚಿಕ್ಕ ತರಗತಿ ಇನ್ನು ಬೇಡ, ಎಲ್ಲರ ಜೊತೆ ಕೂರಲಿ ಅಂದರು. ಅವತ್ತು ತಾಯಿ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು.

ದೊಡ್ಡ ತರಗತಿಯಲ್ಲಿ ಗುಬ್ಬಿಗೆ ಒಂದಕ್ಷರವೂ ಹಿಡಿಯಲಿಲ್ಲ. ಯಾರನ್ನು ಕೇಳುವುದೆಂದು ತಿಳಿಯದೆ ಕೂತಲ್ಲೇ ಉಚ್ಚೆ ಮಾಡಿಕೊಂಡಳು. ಮನೆಗೆ ಬಂದರೆ ಗೋಡೆ ಕಡೆ ಮುಖ. ಟೈಲು ಜೋಡಿಸಲು ಕಲಿತ ಹುಡುಗಿ ಟೈಲು ಜೋಡಿಸಲಷ್ಟೇ ಕಲಿತಿದ್ದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು ತಾಯಿಯ ಪಾಡು.

ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋಗಿ ಬಾಯಿಬಿಟ್ಟಳು.

"ನಾನೇ ಹೇಳ್ಕೊಟ್ಟಿದ್ದು ಮೇಡಂ. ಅವಳಿಗೆ ಬೇರೇನೂ ಬರಲ್ಲ. ಹಳೇ ಕ್ಲಾಸಿಗೇ ಕಳಿಸಿ."

"ಅಂಕ ಇಷ್ಟು ಬಂದಿರೋವಾಗ ಬರೀ ಬಾಯಿಮಾತಿಗೆ ಆ ಸೀಟು ಕೊಡಕ್ಕಾಗಲ್ಲಮ್ಮ. ಬೇರೆ ಚಿತ್ರಗಳಿವೆ. ಇನ್ನೊಂದ್ಸಲ ನೋಡೋಣ."

ಬಾಗಿಲ ಹೊರಗೆ ತಾಯಿ ಮಗಳ ಕಿವಿಯಲ್ಲಿ ಹೇಳಿದಳು: "ಇವತ್ತು ತಪ್ಪು ತಪ್ಪಾಗಿ ತೋರ್ಸು ಕಂದ. ಹಳೇ ಟೀಚರ್ ಸಿಗ್ತಾರೆ."

ಗುಬ್ಬಿ ತಲೆಯಾಡಿಸಿದಳು. ಯಾವುದಕ್ಕೆ ಆಡಿಸಿದಳೋ, ಒಳಗೆ ಹೋದವಳು ಹಾಳೆಯ ಮೇಲೆ ಬಾಗಿ, ಗೆರೆ, ಚುಕ್ಕಿ, ಬಣ್ಣ ಎಂದು ಗುನುಗುತ್ತಾ ಒಂದೊಂದಕ್ಕೂ ಬೆರಳಿಟ್ಟಳು. ಎಲ್ಲವೂ ಸರಿ. ಡಾಕ್ಟರಮ್ಮ ಅಂಕ ಬರೆದು ಪೆನ್ನು ಮುಚ್ಚಿದರು.

ಹಿಂದೆಯೇ ಬಂದು ಮೂಲೆಯಲ್ಲಿ ಕೂತಿದ್ದ ತಾಯಿಯ ಕಣ್ಣು ತುಂಬಿದ್ದು ಕಂಡು ಗುಬ್ಬಿಯ ಮುಖ ಬಾಡಿತು.

"ತಪ್ಪಾಯ್ತಾ ಅಮ್ಮ?"

ತಾಯಿ ಅವಳನ್ನು ಎಳೆದು ತಬ್ಬಿಕೊಂಡಳು.

"ಇಲ್ಲ ಕಂದ. ಎಲ್ಲಾ ಸರಿಯಾಗೇ ಮಾಡಿದೀಯ."