ಕಾರ್ಡಿನಲ್‌ನ ಬೆನ್ನು

ಬಕಲ್ಲಿನ ಸದ್ದು, ಜೀನಿಗೆ ತಿಕ್ಕಿದ ಎಣ್ಣೆಯ ವಾಸನೆ, ಲಾಯದ ಬಾಗಿಲಲ್ಲಿ ಮಾಸಿಯ ಕೆಮ್ಮು — ಹಳೇ ಜೀನು ಕೊಳ್ಳಲು ಬಂದ ಈ ಮುದುಕ ಅದನ್ನು ಹೊತ್ತುಕೊಂಡು ಸುಮ್ಮನೆ ಹೋಗಬಾರದೇ, ಹನ್ನೊಂದಕ್ಕೆ ಬೇಟೆನಾಯಿಗಳ ದೊಡ್ಡಿಯಿಂದ ಗಾಡಿ ಬರುತ್ತದೆ, ಅಷ್ಟರೊಳಗೆ ಕುದುರೆಯ ಹತ್ತಿರ ಒಬ್ಬಳೇ ಹತ್ತು ನಿಮಿಷ ನಿಲ್ಲಬೇಕೆಂದುಕೊಂಡಿದ್ದಳು ಡರ್ವ್ಲಾ, ಆದರೆ ಟಿಪ್ಪರೆರಿಯ ಜೀನು ಹೊಲಿಯುವವರಲ್ಲೆಲ್ಲ ಮಾಸಿಯಂಥ ಹಟಮಾರಿ ಇನ್ನೊಬ್ಬನಿಲ್ಲ, ಬೆನ್ನ ಮೇಲಿಟ್ಟು ನೋಡದೆ ಯಾವ ಜೀನನ್ನೂ ನಾನು ಮನೆಗೆ ಒಯ್ದವನಲ್ಲ ಕಣಮ್ಮ, ಅಂತಾನೆ. ಇಡು ಹಾಗಾದರೆ, ಕೊನೇ ಸಲ ಇಡು. ಹದಿನೆಂಟು ವರ್ಷದ ಕಾರ್ಡಿನಲ್, ಡಬ್ಲಿನ್ನಿನ ಪಂದ್ಯದಲ್ಲಿ ಒಂದು ಅಡ್ಡಗಂಬವನ್ನೂ ಬೀಳಿಸದೆ ಹಾರಿದ ಕೆಂಗಂದು ಕುದುರೆ, ಪಂದ್ಯ ಬಿಟ್ಟು ಎರಡು ವರ್ಷ, ಈಗ ಹತ್ತಿದವಳನ್ನು ಬೆನ್ನು ಬಿಲ್ಲು ಮಾಡಿ, ಹಿಂಗಾಲೆತ್ತಿ ಒಗೆಯುತ್ತಾನೆ, ಮೂರು ಸಲ ಆಯಿತು, ಮೂರನೆಯದಕ್ಕೆ ಭುಜದ ಎಲುಬು ಮುರಿಯಿತು, ಆಸ್ಪತ್ರೆಯಲ್ಲಿ ಗಂಡ ಐಮನ್ ಟೋಪಿ ತಿರುವುತ್ತ ಕೂತಿದ್ದ, ಕೊಬ್ಬು ಕಣೇ ಅದಕ್ಕೆ, ನಿನ್ನ ಸಾಯಿಸಿದ ಮೇಲೆ ನಿಂಗೆ ಬುದ್ಧಿ ಬರತ್ತಾ? ಸತ್ತ ಮೇಲೆ ಹೇಗೋ ಬರತ್ತೆ ಮಾರಾಯ, ಎಂದು ನಗಲು ಹೋಗಿ ನೋವಿಗೆ ಅತ್ತಿದ್ದಳು. ಕುದುರೆ ವೈದ್ಯರು ಬಂದು ಅವನ ಕಾಲು ಮಡಿಸಿ ನೋಡಿದರು, ಹಲ್ಲು ನೋಡಿದರು, ಏನೂ ಇಲ್ಲ ಎಂದರು. ಏನೂ ಇಲ್ಲವೆಂದರೆ ದುಷ್ಟತನವೇ. ಸುಮ್ಮನೆ ಮೇಯಲು ಬಿಟ್ಟರೆ ಬೇಲಿ ಹಾರಿ ರಸ್ತೆಗೆ ಬರುತ್ತಾನೆ, ಬೇರೆಯವರಿಗೆ ಕೊಟ್ಟರೆ ಹೊಡೆದಾರು, ಕೈಯಿಂದ ಕೈಗೆ ದಾಟಿಸಿಯಾರು, ಅದಕ್ಕಿಂತ ನಮ್ಮ ಅಂಗಳದಲ್ಲೇ ದೊಡ್ಡಿಯವರ ಒಂದು ಗುಂಡು, ಇಲ್ಲಿ ಎಲ್ಲರೂ ಹಾಗೇ ಮಾಡುವುದು, ಆಮೇಲೆ ನಾಯಿಗಳಿಗೆ — ಅದನ್ನು ಯೋಚಿಸಬಾರದು. ದೊಡ್ಡಿಗೆ ಫೋನ್ ಮಾಡಿದ್ದು ಐಮನ್ ಅಲ್ಲ, ಅವಳೇ.

ಇದೇನಮ್ಮ ಕೆಳಗೆ, ಎಂದ ಮಾಸಿ. ಮೆತ್ತೆ. ಎಷ್ಟು? ಮೂರು, ಮೊದಲಿಂದ ಇದ್ದದ್ದು ಒಂದು, ಒಂದು ಸಲ ಬಿದ್ದ ಮೇಲೆ ಕುರಿಯುಣ್ಣೆಯದು, ಎರಡನೇ ಸಲ ಬಿದ್ದ ಮೇಲೆ ಇನ್ನೊಂದು, ಮುದಿ ಕುದುರೆಗೆ ಮೆತ್ತಗಿರಲಿ ಅಂತ. ಮಾಸಿ ಜೀನಿನ ಮುಂಭಾಗದೊಳಗೆ ಬೆರಳು ತೂರಿಸಲು ನೋಡಿದ, ಬೆರಳು ಹೋಗಲಿಲ್ಲ. ಇದನ್ನ ಯಾವಾಗ ಹೊಲಿದದ್ದು ನಾನು? ಅವನಿಗೆ ಎಂಟಾಗಿದ್ದಾಗ, ಅವನ ಅಳತೆಗೇ, ಬೇರೆ ಯಾರ ಬೆನ್ನಿಗೂ ಹಾಕಿಲ್ಲ, ಎಂದಳು, ಹೆಮ್ಮೆಯಿಂದಲೇ. ಹೂಂ, ಆಗ ಹಲಗೆ ಥರ ಇದ್ದ, ಈಗ ಹುಲ್ಲು ಮೇದು ಪೀಪಾಯಿ ಆಗಿದಾನಲ್ಲ ತಾಯಿ, ಬಿಗಿ ಬೂಟಿನೊಳಗೆ ಮೂರು ಜೊತೆ ಕಾಲುಚೀಲ ತುರುಕಿದೀಯ. ಕಳೆದ ವರ್ಷ ತನಗೆ ಎರಡು ಅಳತೆ ದೊಡ್ಡ ಸವಾರಿ ಚಲ್ಲಣ ಕೊಂಡಿದ್ದಳು, ಅಂಗಡಿಯವಳು ಹಲ್ಲು ಕಿರಿದಿದ್ದಳು, ತಾನು ದಪ್ಪಗಾದದ್ದು ಗೊತ್ತಾಯಿತು, ಅವನು ದಪ್ಪಗಾದದ್ದು ಗೊತ್ತಾಗಲಿಲ್ಲ, ಗೊತ್ತಾಗಲೇ ಇಲ್ಲ. ಮಾಸಿ ಜೀನಿಳಿಸಿ ಮೆತ್ತೆಗಳನ್ನು ಒಂದೊಂದಾಗಿ ಎಳೆದ, ಹೆಗಲ ಹಿಂದೆ ಎರಡೂ ಕಡೆ ಬಿಳಿ ಕೂದಲು, ಅಂಗೈಯಗಲ. ಅದು ವಯಸ್ಸಿಂದು, ನನ್ನ ಹಾಗೇ ಅವನಿಗೂ ನರೆ ಬಂತು ಅಂದ್ಕೊಂಡಿದ್ದೆ, ಎಂದಳು. ನರೆ ಮುಖಕ್ಕೆ ಬರತ್ತೆ ತಾಯಿ, ಜೀನಿನ ಕೆಳಗೆ ಹೀಗೆ ಜೋಡಿಯಾಗಿ ಬರಲ್ಲ, ಇದು ಒತ್ತಿ ಒತ್ತಿ ಕೂದಲಿನ ಬುಡ ಸತ್ತಿರೋದು, ಎಂದು ಅಲ್ಲಿ ಹೆಬ್ಬೆರಳಿಟ್ಟ, ಅಷ್ಟೇ, ಅಷ್ಟು ದೊಡ್ಡ ಪ್ರಾಣಿ ಬೆನ್ನು ಕುಸಿದು ನರಳಿತು.

ಗೇಟಿನಲ್ಲಿ ಗಾಡಿಯ ಸದ್ದು — ಇವರು ಒಂದು ದಿನವಾದರೂ ತಡವಾಗಿ ಬರಬಾರದೇ — ಹೋಗು ಮಾಸಿ, ವಾಪಸ್ ಕಳಿಸು, ನಾನು ಇವನ ಹತ್ತಿರ ಇರ್ತೀನಿ. ಏನಂತ ಹೇಳಲಿ? ತಪ್ಪಾಯ್ತು ಅನ್ನು. ಯಾರದು ಅಂದ್ರೆ? ನಂದು ಅನ್ನು. ಅವನು ಹೋದ. ಕಾರ್ಡಿನಲ್ ಜೀನು ಕಂಡರೆ ಕಿವಿ ಹಿಂದಕ್ಕೆ ಮಡಿಸುತ್ತಿದ್ದ, ಹೊಟ್ಟೆಪಟ್ಟಿ ಬಿಗಿಯುವಾಗ ತೋಳು ಕಚ್ಚಲು ಬಂದಿದ್ದ, ಆಗ ಮೂತಿಯ ಮೇಲೆ ಒಂದು ಕೊಟ್ಟಿದ್ದಳು, ಹೇಳಿದ್ದ, ಹೇಳಿ ಹೇಳಿ ಸಾಕಾಗಿ ಒಗೆದ, ಅವಳು ಎದ್ದು ಬಂದು ಪ್ರೀತಿಯಿಂದ ಇನ್ನೊಂದು ಮೆತ್ತೆ ಹಾಕಿದಳು, ಬಿಳಿ ಕೂದಲಿನ ಮೇಲೇ ಹಾಕಿದಳು, ದಿನವೂ ಬ್ರಷ್ ಮಾಡುತ್ತ ಅದನ್ನೇ ಸವರಿ, ಮುದುಕಪ್ಪಾ ಎಂದು ಮುದ್ದು ಮಾಡಿ — ಈಗ ಅವನು ಅವಳ ಜೇಬಿಗೆ ಮೂತಿ ತೂರಿಸಿ, ಗುಂಡು ಹಾರುವ ಹೊತ್ತಿಗೆಂದು ಇಟ್ಟುಕೊಂಡಿದ್ದ ಸೇಬನ್ನು ಎಳೆದು ಕರಕರ ತಿನ್ನುತ್ತಿದ್ದಾನೆ, ಗಾಡಿ ತಿರುಗಿ ಹೋಗುತ್ತಿದೆ, ಅವಳು ಕೈ ಎತ್ತಿದಳು, ಮುಟ್ಟಲು ಧೈರ್ಯ ಬರಲಿಲ್ಲ, ಬಿಳಿ ಕೂದಲು, ಎರಡೂ ಕಡೆ, ಅಂಗೈಯಗಲ, ಬಿಳಿ ಕೂದಲು